ಬುತ್ತಿ ಕಟ್ಟಿಕೊಂಡು ನೋಡಿದ ಸೊಲ್ಲಾಪುರ ಸೀಮೆ



ಇತಿಹಾಸವೆಂದರೆ ರಾಜರ ಇಸವಿ, ಯುದ್ಧದ ತಾರೀಖು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತವರು. ನನ್ನ ಓದು ಮ್ಯಾಟ್ರಿಕ್ಕಿಗೆ ನಿಂತಿತು. ಆಮೇಲೆ ಕಲಿತಷ್ಟು ಇತಿಹಾಸವನ್ನು ಎಸ್.ಟಿ. ಬಸ್ಸಿನ ಸೀಟಿನ ಮೇಲೆ, ಮಡಿಲಲ್ಲಿ ಬುತ್ತಿ ಗಂಟು ಇಟ್ಟುಕೊಂಡು ಕಲಿತೆ. ಬ್ಯಾಂಕಿನ ನೌಕರಿಯಲ್ಲಿ ವರ್ಗವಾಗಿ 1989ರಲ್ಲಿ ಧಾರವಾಡದ ಕಡೆಯಿಂದ ಸೊಲ್ಲಾಪುರಕ್ಕೆ ಬಂದೆ. ಜೊತೆಗೆ ಮನೆಯಾಕೆ, ಇಬ್ಬರು ಮಕ್ಕಳು, ನಮ್ಮವ್ವ. ಗುರುತಿನವರು ಯಾರೂ ಇರಲಿಲ್ಲ. ರವಿವಾರ ಬಂತೆಂದರೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಎಲ್ಲಾದರೂ ಹೊರಡುವುದು ರೂಢಿಯಾಯಿತು. ಬೋರ್ಡುಗಳೆಲ್ಲ ಮರಾಠಿಯಲ್ಲಿದ್ದವು. ಸಂತೆಯಲ್ಲಿ ಮಾತ್ರ ಕನ್ನಡ, ತೆಲುಗು, ಉರ್ದು ಎಲ್ಲವೂ ಕೇಳಿಸುತ್ತಿದ್ದವು. ದೊಡ್ಡ ಮಗಳು ಒಂದು ದಿನ, "ಅಪ್ಪಾ, ಇದು ಯಾರ ಊರು?" ಎಂದು ಕೇಳಿದಳು. ಆ ತಿರುಗಾಟದಲ್ಲಿ ಕಂಡದ್ದನ್ನೂ ಉಂಡದ್ದನ್ನೂ ಒಂದೊಂದಾಗಿ ನಿಮ್ಮ ಮುಂದೆ ಇಡುತ್ತೇನೆ. ಅವಳ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಮೊದಲು ಊರೊಳಗಿನ ಸಿದ್ಧೇಶ್ವರ ಕೆರೆ. ಹನ್ನೆರಡನೆಯ ಶತಮಾನದ ಸಿದ್ಧರಾಮ ಶರಣರ ಊರು ಇದು. ನಮ್ಮ ಹಳೆಯ ಕಾವ್ಯಗಳಲ್ಲಿ ಬರುವ ಸೊನ್ನಲಿಗೆ ಎಂದರೆ ಇದೇ ಸೊಲ್ಲಾಪುರ. ಕೆರೆ ಕಟ್ಟಿಸಿ, ಗುಡಿ ಎಬ್ಬಿಸಿ, ಜನರ ಕೆಲಸವನ್ನೇ ಪೂಜೆ ಎಂದು ನಂಬಿದ್ದ ಈ ಶರಣರು ಅಲ್ಲಮಪ್ರಭುವಿನ ಭೇಟಿಯಾದ ಮೇಲೆ ಕಲ್ಯಾಣಕ್ಕೆ ಹೋದರು. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದ ಅವರ ವಚನಗಳನ್ನು ನೀವು ಬಲ್ಲಿರಿ. ಹಂಪೆಯ ರಾಘವಾಂಕ ಕವಿ ಅವರ ಬಾಳನ್ನು 'ಸಿದ್ಧರಾಮ ಚರಿತ್ರೆ' ಎಂದು ಕನ್ನಡದಲ್ಲಿ ಬರೆದ. ಇಂದಿಗೂ ಸಂಕ್ರಾಂತಿಯ ಹೊತ್ತಿಗೆ ಏಳು ನಂದಿಧ್ವಜಗಳ ಜಾತ್ರೆ ನಡೆಯುತ್ತದೆ. ಕುಂಬಾರ ಕನ್ಯೆಗೂ ಸಿದ್ಧರಾಮರ ಯೋಗದಂಡಕ್ಕೂ ಮದುವೆಯಾಗುತ್ತದೆ. ಅದಕ್ಕಿಂತ ಮುಂಚೆ ಊರ ಸುತ್ತಲಿನ ಅರವತ್ತೆಂಟು ಲಿಂಗಗಳಿಗೆ ಎಣ್ಣೆಯ ಅಭಿಷೇಕ. ಮರಾಠಿ ಪತ್ರಿಕೆಗಳು ಇದನ್ನು 'ಯಣ್ಣಿಮಜ್ಜನ' ಎಂದೇ ಅಚ್ಚು ಹಾಕುತ್ತವೆ. ನಮ್ಮವ್ವ ಈ ಶಬ್ದ ಕೇಳಿ, "ಯಣ್ಣಿ ಅಂದರ ನಮ್ಮ ಯಣ್ಣೀನೇ ಅಲ್ಲೇನೋ?" ಎಂದು ನಕ್ಕಳು. ಕನ್ನಡ ಬಾರದ ಸಾವಿರಾರು ಮಂದಿ ವರ್ಷಕ್ಕೊಮ್ಮೆ ಆಡುವ ಕನ್ನಡ ಮಾತು ಅದು.

ಸೊಲ್ಲಾಪುರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಹತ್ತರಸಂಗ ಕೂಡಲ. ಸೀನಾ ನದಿ ಬಂದು ಭೀಮೆಯನ್ನು ಸೇರುವ ಜಾಗ. 'ಕೂಡಲ' ಎಂದರೆ ನದಿಗಳು ಕೂಡುವ ಸ್ಥಳ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಸಂಗಮೇಶ್ವರನ ಹಳೆಯ ಗುಡಿಯಿದೆ. ಪಕ್ಕದ ಹರಿಹರೇಶ್ವರ ಗುಡಿಯಲ್ಲಿ ಮಣ್ಣಿನಡಿಯಿಂದ ಹೊರತೆಗೆದ ಒಂದು ಲಿಂಗವಿದೆ. ಅದರ ಮೈತುಂಬ 359 ಪುಟ್ಟ ಮುಖಗಳು. ಇದಕ್ಕಿಂತ ದೊಡ್ಡ ಸಂಗತಿ ಸಂಗಮೇಶ್ವರನ ಗುಡಿಯ ಶಾಸನ. ಶಾಲಿವಾಹನ ಶಕ 940, ಅಂದರೆ ಕ್ರಿ.ಶ. 1018ರ ಈ ಬರಹವನ್ನು ಮರಾಠಿಯ ಅತಿ ಹಳೆಯ ಶಾಸನಗಳ ಸಾಲಿನಲ್ಲಿ ಎಣಿಸುತ್ತಾರೆ. ಆಗ ಆಳುತ್ತಿದ್ದವನು ಚಾಲುಕ್ಯರ ಎರಡನೆಯ ಜಯಸಿಂಹ, ಕನ್ನಡದ ಅರಸು. ಊರ ಹೆಸರು ಕನ್ನಡ, ಕಲ್ಲಿನ ಮೇಲಿನ ಮಾತು ಮರಾಠಿ. ಇದು ವಿಚಿತ್ರವೆನಿಸಿದರೆ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ನೋಡಿ. ಚಾವುಂಡರಾಯನ ಹೆಸರು ಅಲ್ಲಿ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಇದೆ. ಕನ್ನಡ ನಾಡಿನ ನಡುವೆ ಮರಾಠಿ ಕಲ್ಲು, ಮರಾಠಿ ರಾಜ್ಯದ ಅಂಚಿನಲ್ಲಿ ಕನ್ನಡ ಕೂಡಲ. ಹಿಂದಿನವರಿಗೆ ಎರಡು ಭಾಷೆ ಒಟ್ಟಿಗಿರುವುದು ಎರಡು ನದಿ ಕೂಡಿದಷ್ಟೇ ಸಹಜವಾಗಿತ್ತು. ನಾವು ಆ ದಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು.

ಬುತ್ತಿಯಲ್ಲಿದ್ದ ರೊಟ್ಟಿಗೂ ಇತಿಹಾಸವಿದೆ. ಈ ಸೀಮೆಯಲ್ಲಿ ಮಳೆ ಕಡಿಮೆ, ನೆಲ ಮಾತ್ರ ಎರೆ. ಹಿಂಗಾರಿ ಜೋಳವನ್ನು ಸಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದರೆ, ಎರೆ ಮಣ್ಣು ಹಿಡಿದಿಟ್ಟುಕೊಂಡ ಹಸಿಯ ಮೇಲೆಯೇ ಅದು ಚಳಿಗಾಲ ಕಳೆದು ಕೊಯ್ಲಿಗೆ ಬರುತ್ತದೆ. ವಿಜಯಪುರ, ಕಲಬುರಗಿಯ ರೈತರೂ ಮೆಚ್ಚಿದ ಮಾಲದಂಡಿ ಎಂ 35-1 ಜೋಳದ ತಳಿಯನ್ನು ಆರಿಸಿ ತೆಗೆದದ್ದು ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ, 1930ರ ದಶಕದಲ್ಲಿ. ಮಂಗಳವೇಢೆಯ ಜೋಳಕ್ಕೆ ಈಗ ಭೌಗೋಳಿಕ ಸೂಚಿಯ ಮನ್ನಣೆಯೂ ಇದೆ. ಕಟಕ ರೊಟ್ಟಿಯಲ್ಲಿ ನೀರಿನ ಅಂಶವಿಲ್ಲದ ಕಾರಣ ಅದು ವಾರಗಟ್ಟಲೆ ಕೆಡುವುದಿಲ್ಲ. ಊರೂರು ತಿರುಗುವವರಿಗೂ ಗಿರಣಿಯ ಪಾಳಿಗೆ ಹೋಗುವವರಿಗೂ ಅದೇ ಆಸರೆ. ಸೊಲ್ಲಾಪುರದ ಖಾನಾವಳಿಯಲ್ಲಿ ಅದನ್ನು 'ಕಡಕ ಭಾಕರಿ' ಎಂದು ಕೇಳಬೇಕು. ಹೆಸರು ಬೇರೆ, ಹಲ್ಲಿಗೆ ಸಿಗುವ ಸಪ್ಪಳ ಒಂದೇ.

ಇನ್ನು ಪೂರ್ವಕ್ಕೆ, ಹೈದರಾಬಾದ್ ರಸ್ತೆಯಲ್ಲಿ ಸುಮಾರು 45 ಕಿಲೋಮೀಟರ್ ದೂರದ ನಳದುರ್ಗ. ಬೋರಿ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ, ಆ ಕಟ್ಟೆಯ ಹೊಟ್ಟೆಯಲ್ಲೇ 'ಪಾಣಿ ಮಹಲ್' ಮಾಡಿದ್ದಾರೆ. 1613ರಲ್ಲಿ, ನಮ್ಮ ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದ ಕೆಲಸ ಅದು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಎರಡು ಕಡೆ ನೀರು ಧುಮುಕುತ್ತದೆ. ಒಳಗಿನ ಕೋಣೆಯಲ್ಲಿ ನಿಂತವರು ನೀರಿನ ಪರದೆಯ ಹಿಂದೆ ನಿಂತ ಹಾಗೆ. ಈ ಒಂದು ಕೋಟೆಯ ಒಡೆತನ ಎಷ್ಟು ಕೈ ದಾಟಿತು ನೋಡಿ. ಆದಿಲಶಾಹಿ, ಮೊಗಲರು, ನಿಜಾಮರು. 1853ರಲ್ಲಿ ಇಂಗ್ಲಿಷರು ಈ ಸೀಮೆಯನ್ನು ತೆಗೆದುಕೊಂಡರು. ಸುರಪುರದಲ್ಲಿ ಹೆಸರಾಗಿದ್ದ ಮೆಡೋಸ್ ಟೇಲರ್ ಸಾಹೇಬ ಆಗ ಇಲ್ಲಿಯ ಆಡಳಿತ ನೋಡಿದ. 1860ರಲ್ಲಿ ಸೀಮೆ ಮತ್ತೆ ನಿಜಾಮರಿಗೆ ಹೋಯಿತು. 1956ರಲ್ಲಿ ಮುಂಬಯಿ ರಾಜ್ಯ, 1960ರಲ್ಲಿ ಮಹಾರಾಷ್ಟ್ರ. ಇಂದು ಅದು ಧಾರಾಶಿವ ಜಿಲ್ಲೆ. ಸೊಲ್ಲಾಪುರ ಮಾತ್ರ ಧಾರವಾಡ, ವಿಜಯಪುರಗಳ ಹಾಗೆ ಮುಂಬಯಿ ಇಲಾಖೆಯಲ್ಲಿತ್ತು. ಅಂದರೆ ಇಂದು ಒಂದು ತಾಸಿನ ಬಸ್ ಪ್ರಯಾಣದಲ್ಲಿ ನಾವು ದಾಟುವುದು ಒಂದು ಕಾಲದ ಎರಡು ರಾಜ್ಯಗಳನ್ನು.

ಇಷ್ಟು ಬಾರಿ ಗಡಿ ಬದಲಾದರೂ ಬದಲಾಗದೆ ಉಳಿದದ್ದೇನು? ಅದನ್ನು ನಾವು ಕಂಡದ್ದು ನಳದುರ್ಗದ ಆಚೆಯ ಒಂದು ಹೊಲದಲ್ಲಿ. ನಮ್ಮ ಬ್ಯಾಂಕಿಗೆ ಬರುತ್ತಿದ್ದ ಒಬ್ಬ ಮರಾಠಿ ರೈತರು, "ಕ್ಯಾಶಿಯರ್ ಸಾಹೇಬ್ರೆ, ಯೆಳವಸಕ್ಕೆ ಎಲ್ಲರನ್ನೂ ಕರಕೊಂಡು ಬನ್ನಿ" ಎಂದು ಕರೆದಿದ್ದರು. ಮರಾಠಿ ಪಂಚಾಂಗದಲ್ಲಿ ಅದು 'ವೇಳಾ ಅಮಾವಾಸ್ಯೆ'. ಹೊಲಕ್ಕೆ ಹೋಗಿ ನೋಡಿದರೆ ಜೋಳದ ದಂಟಿನ ಕೊಪ್ಪಿ, ಅದರೊಳಗೆ ಪಾಂಡವರೆಂದು ಪೂಜೆಗೊಂಡ ಐದು ಕಲ್ಲು. ಎಲ್ಲ ಕಾಳು, ಎಲ್ಲ ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಮಡಕೆಯಲ್ಲಿ 'ಆಂಬಿಲ'. ನಮ್ಮ ಕಡೆ ಎಳ್ಳ ಅಮಾಸಿಗೆ ಚರಗ ಚೆಲ್ಲಿ ಹೊಲದಲ್ಲಿ ಊಟಕ್ಕೆ ಕೂಡುವುದಿಲ್ಲವೆ? ಅದೇ ಅಮಾವಾಸ್ಯೆ, ಅದೇ ಅಂಬಲಿ. 'ಎಳ್ಳ ಅಮಾವಾಸ್ಯೆ' ಎಂಬ ಕನ್ನಡ ಮಾತೇ ಸವೆದು 'ಯೆಳವಸ' ಆಯಿತೆಂದು ಬಲ್ಲವರು ಹೇಳುತ್ತಾರೆ. ಆ ಮನೆಯ ಆಜಿಗೆ ಕನ್ನಡ ಬಾರದು, ನಮ್ಮವ್ವನಿಗೆ ಮರಾಠಿ ಬಾರದು. ಇಬ್ಬರೂ ಪಾತ್ರೆಯ ಮುಚ್ಚಳ ತೆಗೆಯುತ್ತ, ಹೆಸರು ಹೇಳುತ್ತ ಮಧ್ಯಾಹ್ನ ಪೂರ್ತಿ ಕಳೆದರು.

ಅಕ್ಕಲಕೋಟೆಯ ಮಾತು ಬೇರೆ. ಅಲ್ಲಿ ಕನ್ನಡ ಸವೆದ ಶಬ್ದವಾಗಿ ಉಳಿದಿಲ್ಲ, ಮನೆಮಾತಾಗಿಯೇ ಇದೆ. 1948ರವರೆಗೆ ಭೋಸಲೆ ಅರಸರ ಸಂಸ್ಥಾನವಾಗಿದ್ದ ಊರು ಅದು. 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರ ದರ್ಶನಕ್ಕೆ ದೂರದೂರದಿಂದ ಜನ ಬರುತ್ತಾರೆ. ಅನ್ನಛತ್ರದ ಪಂಕ್ತಿಯಲ್ಲಿ ಕುಳಿತರೆ ಎಡಕ್ಕೆ ಮರಾಠಿ, ಬಲಕ್ಕೆ ಕನ್ನಡ. 1967ರ ಮಹಾಜನ ವರದಿ ಈ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದಿತು, ಅದು ಜಾರಿಯಾಗಲಿಲ್ಲ. ಅದರ ಬಗ್ಗೆ ಮಾತಾಡುವವರು ಬಹಳ ಮಂದಿ ಇದ್ದಾರೆ. ನನಗೆ ಕಾಡುವುದು ಇನ್ನೊಂದು ಸಂಗತಿ.

ನಕ್ಷೆಯ ಗೆರೆ ಎಲ್ಲಿಯೇ ಇರಲಿ, ಮನೆಯೊಳಗಿನ ಮಾತನ್ನು ಯಾವ ಆಯೋಗವೂ ಉಳಿಸಿಕೊಡುವುದಿಲ್ಲ. ನಮ್ಮವ್ವ ಈಗ ಇಲ್ಲ. ಪುಣೆಯಲ್ಲಿ ಬೆಳೆಯುವ ಮೊಮ್ಮಕ್ಕಳಿಗೆ ಕನ್ನಡ ಮಾತು ತುಸು ತಿಳಿಯುತ್ತದೆ, ಓದಲು ಬರುವುದಿಲ್ಲ. ನಿಮ್ಮ ಮನೆಗಳಲ್ಲೂ ಹೀಗೇ ಇರಬಹುದು. ಯಣ್ಣಿಮಜ್ಜನ ಎಂಬ ಶಬ್ದ ಮರಾಠಿಯ ಬಾಯಲ್ಲಿ ಮುಂದೆಯೂ ಉಳಿದೀತು. ಅದರ ಅರ್ಥ ಹೇಳಬಲ್ಲವರು ನಮ್ಮ ಮನೆಯಲ್ಲೇ ಇಲ್ಲವಾದರೆ ಏನು ಬಂತು?

ಆದ್ದರಿಂದ ಗಡಿನಾಡಿನ ಬಂಧುಗಳಲ್ಲಿ ನನ್ನದೊಂದು ಸಣ್ಣ ಬೇಡಿಕೆ. ರಜೆಗೆ ಬಂದ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಹೊರಗೆ ಕರೆದೊಯ್ಯಿರಿ. ಕೂಡಲಕ್ಕೆ ಹೋದರೆ ಕೂಡಲವೆಂದರೇನು ಎಂದು ನದಿಯನ್ನು ತೋರಿಸಿಯೇ ಹೇಳಿರಿ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಎಲೆ ಹಾಕಿ ಬಡಿಸುವಾಗ ಒಂದೊಂದು ಪದಾರ್ಥದ ಹೆಸರನ್ನೂ ಕನ್ನಡದಲ್ಲಿ ಹೇಳಿ ಬಡಿಸಿರಿ. ಮರಾಠಿ ಹೆಸರನ್ನೂ ಹೇಳಿರಿ, ಅದೂ ಈ ಮಣ್ಣಿನದೇ. ಇದು ಯಾರ ಊರು ಎಂದು ಮಗಳು ಕೇಳಿದ್ದಳಲ್ಲ, ಉಂಡು ಎದ್ದ ಮೇಲೆ ಅದಕ್ಕೆ ನಾನು ಕೊಟ್ಟ ಉತ್ತರ ಇಷ್ಟೆ: ಇದು ಇಬ್ಬರದೂ ಊರು, ಆದರೆ ನಮ್ಮ ಪಾಲಿನ ಮಾತನ್ನು ನಾವೇ ಆಡಬೇಕು.