ಶೀಶ್ ಮಹಲಿನಿಂದ ಮಿರ್ಜಾ ಹವೇಲಿಗೆ

ಹಿಂದಿ ಸಿನಿಮಾದ ಮುಸ್ಲಿಮರ ಮನೆ ಎಂದೊಡನೆ ನಮ್ಮ ಕಣ್ಣ ಮುಂದೆ ಏನು ಬರುತ್ತದೆ? ಕಮಾನುಗಳು, ಜಾಲಂಧ್ರಗಳು, ಛಾವಣಿಯಿಂದ ತೂಗುವ ಝೂಮರ್‌ಗಳು, ಅಗಲವಾದ ಮೆಟ್ಟಿಲ ಸಾಲು. ಶೇರ್ವಾನಿ ತೊಟ್ಟ ನವಾಬರು ಆ ಮೆಟ್ಟಿಲಿಳಿದು ಬಂದು ‘ಆದಾಬ್’ ಎನ್ನುತ್ತಾರೆ. ‘ಚೌದ್‌ವೀ ಕಾ ಚಾಂದ್’ (1960), ‘ಮೇರೆ ಮೆಹಬೂಬ್’ (1963) ಮುಂತಾದ ಚಿತ್ರಗಳು ಈ ಮನೆಯನ್ನು ಜನಮನದಲ್ಲಿ ಭದ್ರವಾಗಿ ಕಟ್ಟಿಬಿಟ್ಟವು. ಬೀಡಿ ಕಟ್ಟುವ, ಚಪ್ಪಲಿ ಹೊಲಿಯುವ, ತಳ್ಳುಗಾಡಿ ನೂಕುವ ಮುಸ್ಲಿಮರಿಗೆ ಅದರಲ್ಲಿ ಜಾಗವಿರಲಿಲ್ಲ.

ಈ ಕಲ್ಪನೆಯ ಶಿಖರವೆಂದರೆ ಕೆ. ಆಸಿಫ್ ಅವರ ‘ಮುಘಲ್-ಎ-ಆಝಮ್’ (1960) ಚಿತ್ರದ ಶೀಶ್ ಮಹಲ್. ಮುಂಬಯಿಯ ಮೋಹನ್ ಸ್ಟುಡಿಯೋದಲ್ಲಿ ಕಲಾ ನಿರ್ದೇಶಕ ಎಂ.ಕೆ. ಸೈಯದ್ ಅದನ್ನು ಕಟ್ಟಿಸಿದರು. ಫಿರೋಜಾಬಾದಿನ ಕುಶಲಕರ್ಮಿಗಳು ಬೆಲ್ಜಿಯಂ ಗಾಜನ್ನು ಕೂರಿಸಿದರು. ಕೆಲಸಕ್ಕೆ ಸುಮಾರು 2 ವರ್ಷ ಹಿಡಿಯಿತು. ಸಾವಿರಾರು ಕನ್ನಡಿ ಚೂರುಗಳಲ್ಲಿ ದೀಪದ ಬೆಳಕು ಪ್ರತಿಫಲಿಸಿ ಚಿತ್ರೀಕರಣವೇ ಸಾಧ್ಯವಿಲ್ಲವೆನ್ನುವ ಸ್ಥಿತಿ ಬಂದಿತ್ತು. ಕೊನೆಗೆ ಪ್ರತಿ ಕನ್ನಡಿಯಲ್ಲೂ ಅನಾರ್ಕಲಿ ಕುಣಿದಳು. ಬಾದಶಾಹ ಯಾವ ಕಡೆ ಮುಖ ತಿರುಗಿಸಿದರೂ ಅವಳೇ ಕಂಡಳು.

ಅದಕ್ಕೆ ಮಾದರಿಯಾದದ್ದು ಲಾಹೋರ್ ಕೋಟೆಯ ಶೀಶ್ ಮಹಲ್. ಅದನ್ನು ಕಟ್ಟಿದ್ದು 1631-32ರಲ್ಲಿ, ಶಹಜಹಾನನ ಆಳ್ವಿಕೆಯಲ್ಲಿ. ಅಕ್ಬರ್ ತೀರಿಕೊಂಡದ್ದು 1605ರಲ್ಲಿ! ಅಂದರೆ ಮೊಮ್ಮಗ ಮುಂದೆಂದೋ ಕಟ್ಟಲಿದ್ದ ಮಹಲಿನಲ್ಲಿ ಸಿನಿಮಾ ಅಜ್ಜನನ್ನು ಕೂರಿಸಿತು. ಇರಲಿ, ಕಲೆಗೆ ಆ ಸ್ವಾತಂತ್ರ್ಯವಿದೆ. ಆದರೆ ಇಂಥ ಮಹಲುಗಳನ್ನೇ ಚರಿತ್ರೆಯೆಂದು ನಂಬಿದ ನಾವು, ನಾವು ನಿಜವಾಗಿ ಬದುಕಿದ ಮನೆಗಳ ಚರಿತ್ರೆಯನ್ನು ಮರೆತೆವಲ್ಲ!

ಅದನ್ನು ನೆನಪಿಸಿದವರು ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗ ಎಂ.ಎಸ್. ಸತ್ಯು. ‘ಹಕೀಕತ್’ (1964) ಚಿತ್ರದ ಕಲಾ ನಿರ್ದೇಶನಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದಿದ್ದ ಅವರಿಗೆ ಸೆಟ್ ಹಾಕುವುದು ಗೊತ್ತಿಲ್ಲದ ವಿದ್ಯೆಯಲ್ಲ. ಆದರೂ ‘ಗರ್ಮ್ ಹವಾ’ (1973) ಚಿತ್ರಕ್ಕಾಗಿ ಅವರು ಆಗ್ರಾದ ಓಣಿಯೊಂದರ ನಿಜವಾದ ಹಳೆಯ ಹವೇಲಿಗೆ ಹೋದರು. ಇಸ್ಮತ್ ಚುಗ್ತಾಯಿ ಅವರ ಅಪ್ರಕಟಿತ ಕಥೆಗೆ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆ ಬರೆದಿದ್ದರು. ಊರಲ್ಲಿ ವಿರೋಧ ಎದ್ದಾಗ, ಜನರ ಗಮನ ಬೇರೆಡೆ ಸೆಳೆಯಲು ರೀಲಿಲ್ಲದ ಕ್ಯಾಮೆರಾ ಕೊಟ್ಟು ಇನ್ನೊಂದು ತಂಡವನ್ನೇ ಅತ್ತ ಕಳಿಸಬೇಕಾಯಿತು.

ಕಥೆಯ ಸಲೀಂ ಮಿರ್ಜಾ ಚಪ್ಪಲಿ ತಯಾರಕ. ದೇಶ ವಿಭಜನೆಯಾದರೂ ಆಗ್ರಾ ಬಿಡಲೊಲ್ಲ. ಆದರೆ ಹವೇಲಿ ಇರುವುದು ಪಾಕಿಸ್ತಾನಕ್ಕೆ ಹೋದ ಅಣ್ಣ ಹಲೀಮನ ಹೆಸರಿನಲ್ಲಿ. ಸರಕಾರ ಅದನ್ನು ನಿರ್ವಸಿತರ ಆಸ್ತಿಯೆಂದು ವಶಪಡಿಸಿಕೊಂಡು, ಸಿಂಧ್‌ನಿಂದ ನಿರಾಶ್ರಿತನಾಗಿ ಬಂದ ವ್ಯಾಪಾರಿಗೆ ಕೊಡುತ್ತದೆ. ಅವನೂ ಮನೆ ಕಳಕೊಂಡು ಬಂದವನೇ. ಹಾಗಾಗಿ ನಮಗೆ ಅವನ ಮೇಲೆ ಸಿಟ್ಟು ಮಾಡಲೂ ಆಗದು. ಮನೆ ಬಿಡುವ ದಿನ ಮುದಿ ತಾಯಿ ಕತ್ತಲ ಸೌದೆ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಅವಳನ್ನು ಎತ್ತಿಕೊಂಡೇ ಹೊರತರಬೇಕಾಗುತ್ತದೆ. ಆಮೇಲೆ ಪ್ರಾಣ ಹೋಗುವ ಹೊತ್ತಿಗೆ ಅವಳನ್ನು ಡೋಲಿಯಲ್ಲಿ ಅದೇ ಹವೇಲಿಗೆ ತರುತ್ತಾರೆ. ಮದುಮಗಳಾಗಿ ಡೋಲಿಯಲ್ಲಿ ಬಂದಿಳಿದ ದಿನ ಅವಳಿಗೆ ನೆನಪಾಗುತ್ತದೆ. ಶೀಶ್ ಮಹಲಿನ ಎಲ್ಲ ಕನ್ನಡಿಗಳಿಗಿಂತ ಆ ಹಳೆಯ ಗೋಡೆಗಳು ನಮ್ಮ ಮುಖವನ್ನು ನಿಚ್ಚಳವಾಗಿ ತೋರಿಸುತ್ತವೆ.

ಆ ತಾಯಿಯ ಪಾತ್ರ ಮಾಡಿದವರು ಬದರ್ ಬೇಗಂ. ಮೊದಲು ಕೇಳಿದ್ದು ಗಾಯಕಿ ಬೇಗಂ ಅಖ್ತರ್ ಅವರನ್ನು, ಅವರು ಒಪ್ಪಲಿಲ್ಲ. ಆಗ ಹವೇಲಿಯ ಮಾಲೀಕರ ನೆರವಿನಿಂದ ಆಗ್ರಾದ ವೇಶ್ಯಾವಾಟಿಕೆಯಲ್ಲಿ ಸಿಕ್ಕ ವೃದ್ಧೆ ಇವರು. ಹದಿಹರೆಯದಲ್ಲಿ ನಟಿಯಾಗಲು ಮುಂಬಯಿಗೆ ಓಡಿಹೋಗಿ, ಸೋತು ಹಿಂತಿರುಗಿದ್ದರೆಂದು ಸತ್ಯು ಹೇಳಿದ್ದಾರೆ. ಕಣ್ಣಿಗೆ ಪೊರೆ ಬಂದಿತ್ತು. ಅವರ ಪಾತ್ರಕ್ಕೆ ದನಿ ಕೊಟ್ಟವರು ದೀನಾ ಪಾಠಕ್. ಸಲೀಂ ಮಿರ್ಜಾ ಆಗಿದ್ದ ಬಲರಾಜ್ ಸಾಹ್ನಿ ಡಬ್ಬಿಂಗ್ ಮುಗಿಸಿದ ಮರುದಿನವೇ, 13 ಏಪ್ರಿಲ್ 1973ರಂದು ತೀರಿಕೊಂಡರು.

ಸೆನ್ಸಾರ್ ಮಂಡಳಿ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. 1974ರಲ್ಲಿ ಅದು ಮೊದಲು ತೆರೆ ಕಂಡದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ನಮಗೆ ಹೆಮ್ಮೆ. ಇಲ್ಲಿ ಗಲಾಟೆಯಾಗಲಿಲ್ಲ, ಜನ ನೋಡಿದರು, ಮೆಚ್ಚಿದರು. ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು.

ನಿರ್ವಸಿತರ ಆಸ್ತಿಯ 1950ರ ಕಾಯಿದೆ 2005ರಲ್ಲಿ ರದ್ದಾಯಿತು. ಆದರೆ ಬಾಡಿಗೆ ಮನೆ ಹುಡುಕಿ ಹೊರಟ ಸಲೀಂ ಮಿರ್ಜಾನಿಗೆ ಸಿಕ್ಕ ಉತ್ತರಗಳು ರದ್ದಾಗಿವೆಯೇ? ನಗರಗಳಲ್ಲಿ ಮನೆ ಕೇಳುತ್ತ ಹೋಗಿ, ಹೆಸರು ಹೇಳಿದೊಡನೆ ‘ಈಗಷ್ಟೇ ಬೇರೆಯವರಿಗೆ ಕೊಟ್ಟೆವು’ ಎಂದು ಕೇಳಿಸಿಕೊಂಡು ಮೆಟ್ಟಿಲಿಳಿದವರು ನಮ್ಮ ಓದುಗರಲ್ಲೇ ಇದ್ದಾರೆ. ನವಾಬರು ಇಳಿದ ಮೆಟ್ಟಿಲುಗಳನ್ನು ಸಿನಿಮಾ ಬೇಕಾದಷ್ಟು ತೋರಿಸಿತು. ಇವರು ಇಳಿದ ಮೆಟ್ಟಿಲುಗಳನ್ನು ಯಾರಾದರೂ ತೋರಿಸಬೇಕು. ಸತ್ಯು ಅದಕ್ಕೆ ದಾರಿ ಮಾಡಿಕೊಟ್ಟು ಅರ್ಧ ಶತಮಾನ ಕಳೆಯಿತು.