ಕರಪತ್ರಕ್ಕೆ ಗೊತ್ತಿರಲಿಲ್ಲ, ಕುಕೀಗೆ ಗೊತ್ತು

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಮೊನ್ನೆ ಶಿವಮೊಗ್ಗದ ಗೋಪಿ ಸರ್ಕಲ್ ಹತ್ರ ಟೀ ಕುಡಿಯುವಾಗ ನಮ್ಮ ಹುಡುಗನೊಬ್ಬ ಮೊಬೈಲ್ ತೋರಿಸಿದ. ಸಂಘಟನೆಗೆ ಅವನೇ ಮಾಡಿಕೊಟ್ಟ ವೆಬ್‌ಸೈಟ್. "ಅಣ್ಣಾ, ಎಷ್ಟು ಜನ ಬಂದ್ರು, ಹಳಬರೆಷ್ಟು, ಹೊಸಬರೆಷ್ಟು, ಎಲ್ಲಾ ಇಲ್ಲಿ ಬರುತ್ತೆ" ಅಂದ. ಹೆಸರೇ ಕೇಳದೆ ಹಳಬರು ಅಂತ ಹೆಂಗಪ್ಪಾ ಗೊತ್ತಾಗುತ್ತೆ ಅಂದೆ. "ಕುಕೀ ಅಣ್ಣಾ" ಅಂದ. ಅಲ್ಲಿಂದ ಶುರುವಾಯ್ತು ನನ್ನ ಓದು.

ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದುಕೊಂಡು ದಸಂಸ ಕಟ್ಟಿದ್ದು 1970ರ ದಶಕದಲ್ಲಿ. ಆಗ ಕರಪತ್ರ ಕೈಯಿಂದ ಕೈಗೆ ಹೋಗುತ್ತಿತ್ತು. ಯಾರು ಓದಿದರು, ಎಷ್ಟು ಸಲ ಓದಿದರು ಅಂತ ಆ ಕಾಗದಕ್ಕೆ ಗೊತ್ತಾಗುತ್ತಿರಲಿಲ್ಲ. ಜೀತಕ್ಕಿದ್ದವನೂ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಬಹುದಿತ್ತು.

ವೆಬ್ಬೂ ಮೊದಲು ಹೆಚ್ಚುಕಮ್ಮಿ ಹಾಗೇ ಇತ್ತು. ನೀವು ಒಂದು ಪುಟ ನೋಡಿ ಇನ್ನೊಂದಕ್ಕೆ ಹೋದರೆ ಸರ್ವರ್‌ಗೆ ನೀವು ಮತ್ತೆ ಅಪರಿಚಿತರು. ಐಪಿ ವಿಳಾಸ ದಾಖಲಾಗುತ್ತಿತ್ತು, ನಿಜ. ಆದರೆ ಒಂದು ಸೈಬರ್ ಸೆಂಟರ್‌ನಲ್ಲಿ ಕೂತ ಹತ್ತು ಜನಕ್ಕೂ ಒಂದೇ ವಿಳಾಸ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬ ಎಂಜಿನಿಯರ್ ಇದಕ್ಕೆ ಉಪಾಯ ಹುಡುಕಿದ. ಸೈಟು ಒಂದು ಸಣ್ಣ ಚೀಟಿಯನ್ನು ನಿಮ್ಮ ಬ್ರೌಸರ್‌ನಲ್ಲೇ ಇಟ್ಟುಬಿಡುತ್ತದೆ, ಮುಂದಿನ ಸಲ ಬ್ರೌಸರ್ ತಾನೇ ಅದನ್ನು ತೋರಿಸುತ್ತದೆ. ಆನ್‌ಲೈನ್ ಅಂಗಡಿಯ ಬುಟ್ಟಿ ನೆನಪಿಡೋದಕ್ಕೆ ಅಂತ ಹುಟ್ಟಿದ್ದು. ಆದರೆ ಮೊದಲ ಬಳಕೆ ಯಾವುದು ಗೊತ್ತಾ? ನೆಟ್‌ಸ್ಕೇಪ್ ಸೈಟಿಗೆ ಬಂದವರು ಹಿಂದೆ ಬಂದಿದ್ದವರೇ ಅಂತ ನೋಡೋದು! ಜನಸಾಮಾನ್ಯರಿಗೆ ವಿಷಯ ತಿಳಿದದ್ದು 1996ರ ಫೆಬ್ರವರಿಯಲ್ಲಿ, ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಬರೆದ ಮೇಲೆ.

2005ರಲ್ಲಿ ಗೂಗಲ್, ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷ ಗೂಗಲ್ ಅನಾಲಿಟಿಕ್ಸ್ ಅಂತ ಪುಕ್ಕಟೆ ಕೊಟ್ಟಿತು. ಅದು ಇಡುವ ಚೀಟಿಯಲ್ಲಿ ಮುಖ್ಯವಾಗಿ ಎರಡು ಸಂಖ್ಯೆ: ಒಂದು ಮನಸ್ಸಿಗೆ ಬಂದಂತೆ ಆರಿಸಿದ್ದು, ಇನ್ನೊಂದು ನೀವು ಮೊದಲು ಬಂದ ಗಳಿಗೆ. ಸಾಮಾನ್ಯವಾಗಿ ಆಯಸ್ಸು ಎರಡು ವರ್ಷ. ಹೆಸರಿಲ್ಲ, ಜಾತಿಯಿಲ್ಲ, ಬರೀ ನಂಬರು. ಕಾರ್ಖಾನೆ ಊರಾದ ಭದ್ರಾವತಿಯವರಿಗೆ ಟೋಕನ್ ನಂಬರ್ ಅಂದ್ರೇನು ಅಂತ ಬಿಡಿಸಿ ಹೇಳಬೇಕಾ? ನಂಬರ್ ಗೊತ್ತಿದ್ರೆ ಸಾಕು, ಆಳು ಯಾವಾಗ ಬಂದ, ಯಾವಾಗ ಹೋದ, ಎಲ್ಲಾ ಸಿಗುತ್ತೆ.

ಈ ಚೀಟಿಗೆ ಮನುಷ್ಯ ಗೊತ್ತಿಲ್ಲ, ಬ್ರೌಸರ್ ಮಾತ್ರ ಗೊತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪ, ಅಮ್ಮ, ಮಗಳು ಎಲ್ಲರಿಗೂ ಸೇರಿ ಒಂದೇ ಫೋನು. ಲೆಕ್ಕದಲ್ಲಿ ಅವರೆಲ್ಲ ಒಬ್ಬರೇ. ಎರಡು ಫೋನ್ ಇಟ್ಕೊಂಡ ನಾಯಕರು ಇಬ್ಬರು! ಹಾಗಾಗಿ "ಇಷ್ಟು ಜನ ಓದಿದ್ರು" ಅಂತ ವೇದಿಕೆಯಲ್ಲಿ ಹೇಳೋ ಮುಂಚೆ ಸ್ವಲ್ಪ ತಡೀರಿ.

ನನಗೆ ಚಿಂತೆ ಬೇರೆ. ದೌರ್ಜನ್ಯ ತಡೆ ಕಾಯ್ದೆಯಲ್ಲಿ ದೂರು ಕೊಡೋದು ಹೇಗೆ, ಅಂತರ್ಜಾತಿ ಮದುವೆ ನೋಂದಣಿ ಹೇಗೆ ಅನ್ನೋ ಪುಟಗಳನ್ನು ನಾವೇ ಬರೆದಿದ್ದೀವಿ. ಅದನ್ನು ಹೆದರಿ ಹೆದರಿ ಓದೋ ಹುಡುಗಿಯ ನಂಬರು, ಪುಟ, ಹೊತ್ತು ಹೊರಗಿನ ಕಂಪನಿಯ ಸರ್ವರ್‌ಗೆ ಹೋಗುತ್ತೆ. ಕಳಿಸ್ತಿರೋದು ನಾವು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 24 ಆಗಸ್ಟ್ 2017ರಂದು ಒಮ್ಮತದಿಂದ ಹೇಳಿದ್ರು. ಆ ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಆ ಎರಡು ಪುಟಗಳಿಂದ ಎಣಿಕೆ ಕೋಡ್ ತೆಗೆಯಪ್ಪಾ ಅಂತ ಹುಡುಗನಿಗೆ ಹೇಳಿದ್ದೀನಿ. "ಲೆಕ್ಕ ಕಮ್ಮಿ ತೋರಿಸುತ್ತಲ್ಲಣ್ಣಾ" ಅಂದ. ತೋರಿಸಲಿ ಬಿಡು ಅಂದೆ.