ಅಮೆಜಾನಿನ ಇಲಿಗಳು ಹೇಳಿದ ಭೂಚರಿತ್ರೆ

ಒಂದೇ ಕಾಡಿನಲ್ಲಿ ಇಷ್ಟು ಬಗೆಯ ಜೀವಿಗಳು ಬೇರೆಬೇರೆಯಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಮೊದಲು ಎತ್ತಿದವರು ಮಂಗಗಳ ಬೆನ್ನು ಹತ್ತಿದವರು. 1848ರಿಂದ ನಾಲ್ಕು ವರ್ಷ ಅಮೆಜಾನ್ ಕಾಡು ಸುತ್ತಿದ ಆಲ್ಫ್ರೆಡ್ ರಸೆಲ್ ವಾಲೇಸ್, ದೊಡ್ಡ ನದಿಯ ಈ ದಡದ ಮಂಗ ಆ ದಡದಲ್ಲಿ ಸಿಗುವುದಿಲ್ಲ ಎಂಬುದನ್ನು ಗಮನಿಸಿ 1852ರಲ್ಲಿ ಲಂಡನ್ನಿನಲ್ಲಿ ಪ್ರಬಂಧ ಓದಿದರು. ನದಿ ಗೋಡೆಯಾಗುತ್ತದೆ, ಬೇರೆಯಾದ ಎರಡು ಗುಂಪುಗಳು ಕಾಲಾಂತರದಲ್ಲಿ ಎರಡು ಪ್ರಭೇದಗಳಾಗುತ್ತವೆ ಎಂಬ ವಾದ ಮುಂದೆ ಇದರಿಂದಲೇ ಬೆಳೆಯಿತು.

ನೂರು ವರ್ಷಕ್ಕೂ ಮಿಕ್ಕಿ ಈ ವಾದಕ್ಕೆ ಗಟ್ಟಿ ಪ್ರತಿಸ್ಪರ್ಧಿ ಇರಲಿಲ್ಲ. 1969ರಲ್ಲಿ ಜರ್ಮನಿಯ ಭೂವಿಜ್ಞಾನಿ, ಪಕ್ಷಿತಜ್ಞ ಯೂರ್ಗನ್ ಹಾಫರ್ ಬೇರೆಯೇ ಚಿತ್ರ ಕೊಟ್ಟರು. ಹಿಮಯುಗದ ಒಣಹವೆಗೆ ಕಾಡು ತುಂಡುತುಂಡಾಯಿತು, ಪ್ರತಿ ತುಂಡಿನಲ್ಲಿ ಸಿಲುಕಿದ ಜೀವಿಗಳು ಬೇರೆಬೇರೆ ದಾರಿ ಹಿಡಿದವು ಎಂದರು. ಎಲ್ಲವನ್ನೂ ಒಂದೇ ಏಟಿಗೆ ವಿವರಿಸುವ ಸೊಗಸು ಅದಕ್ಕಿತ್ತು. ಬೇಗ ಒಪ್ಪಿತವಾದದ್ದಕ್ಕೆ ಪುರಾವೆಗಿಂತ ಆ ಸೊಗಸೇ ಹೆಚ್ಚು ಕಾರಣ ಎನಿಸುತ್ತದೆ. ಆದರೆ 1996ರಲ್ಲಿ ಪಾಲ್ ಕೊಲಿನ್ವೊ ತಂಡ ಬ್ರೆಜಿಲ್‌ನ ಪಾಟಾ ಸರೋವರದ ಕೆಸರಿನಲ್ಲಿ ಹಳೆಯ ಪರಾಗವನ್ನು ಪರೀಕ್ಷಿಸಿದಾಗ, ಹಿಮಯುಗದಲ್ಲೂ ಅಲ್ಲಿ ಕಾಡು ಉಳಿದಿತ್ತೆಂದು ಕಂಡಿತು.

ಎರಡೂ ವಾದಗಳನ್ನು ಇಲಿಯ ಮೂಲಕ ಒರೆಗೆ ಹಚ್ಚಿದವರು ಬರ್ಕ್ಲಿಯ ಜೇಮ್ಸ್ ಪ್ಯಾಟನ್, ಬ್ರೆಜಿಲ್‌ನ ಮರಿಯಾ ನಜರೆ ಡ ಸಿಲ್ವ ಮತ್ತು ಜೇ ಮಾಲ್ಕಮ್. ಇಲಿ ಇದಕ್ಕೆ ಹೇಳಿಮಾಡಿಸಿದ ಪ್ರಾಣಿ: ಹಕ್ಕಿಯಂತೆ ಹಾರಿಹೋಗದು, ಬೋನಿಗೆ ಸಾಕಷ್ಟು ಸಂಖ್ಯೆಯಲ್ಲಿ ಬೀಳುತ್ತದೆ. 1991–92ರಲ್ಲಿ ಇವರು ಪಶ್ಚಿಮ ಅಮೆಜಾನಿನ ಜುರುವಾ ನದಿಯ ಉಗಮದ ಕಡೆಯಿಂದ ಸಂಗಮದವರೆಗೆ ನಾಲ್ಕು ವಲಯಗಳನ್ನು ಆರಿಸಿ, ಪ್ರತಿಯೊಂದರಲ್ಲೂ ಎರಡೂ ದಡಗಳಲ್ಲಿ, ನೆಲದ ಮೇಲೂ ಮರದ ಮೇಲೂ ಬೋನು ಇಟ್ಟರು. ವಾಲೇಸ್ ಜಾಡಿನ ವಾದ ನಿಜವಾಗಿದ್ದರೆ ಎದುರುಬದುರು ದಡದ ಇಲಿಗಳ ಡಿಎನ್‌ಎ ಬೇರೆಯಾಗಿರಬೇಕಿತ್ತು. ಮುಳ್ಳುಗೂದಲಿನ ಮರ ಇಲಿಗಳಲ್ಲಿ ಕಂಡದ್ದೇ ಬೇರೆ: ಎರಡೂ ದಡದವು ಹತ್ತಿರದ ಬಂಧುಗಳು, ಮೇಲ್ಹರಿವಿನವು ಮತ್ತು ಕೆಳಹರಿವಿನವು ದೂರದವು.

ಕಾರಣವೇನು? ಜುರುವಾ ಹಾವಿನಂತೆ ಹೊರಳುವ ನದಿ. ತಿರುವನ್ನು ಕಡಿದು ನೇರ ಹರಿದಾಗ ಒಂದು ದಡದ ನೆಲ, ಅದರ ಮೇಲಿನ ಇಲಿಗಳ ಸಮೇತ, ಇನ್ನೊಂದು ದಡಕ್ಕೆ ಸೇರುತ್ತದೆ. ಇತ್ತ ಮೇಲ್ಹರಿವಿನ ಮತ್ತು ಕೆಳಹರಿವಿನ ಇಲಿಗಳ ಡಿಎನ್‌ಎ ಬೇರೆಯಾಗುವ ಜಾಗದ ಆಸುಪಾಸಿನಲ್ಲಿ ನೆಲದಡಿ ಹೂತುಹೋದ ದಿಬ್ಬವೊಂದಿದೆ: ಇಕಿಟೋಸ್ ಕಮಾನು. ಆಂಡೀಸ್ ಪರ್ವತಗಳ ಭಾರಕ್ಕೆ ಭೂಪದರ ಬಾಗಿ, ಅದರಾಚೆ ಉಬ್ಬಿದ ನೆಲ ಅದು. ಮೇಲೆ ನಿಂತು ನೋಡಿದರೆ ಕಾಡು ಸಮತಟ್ಟು. ಇಲಿಗಳ ವಂಶದ ಹಲವು ಕವಲುಗಳು ಹತ್ತು ಲಕ್ಷ ವರ್ಷಕ್ಕೂ ಹಿಂದಿನವಾದ್ದರಿಂದ, ಸುಮಾರು 20,000 ವರ್ಷಗಳ ಹಿಂದೆ ತುದಿಮುಟ್ಟಿದ ಕಡೆಯ ಹಿಮಯುಗಕ್ಕೆ ಅವನ್ನು ಗಂಟುಹಾಕುವಂತಿಲ್ಲ. 2000ದಲ್ಲಿ ಅಚ್ಚಾದ ಇವರ ವರದಿ ಹಾಫರ್ ವಾದಕ್ಕೆ ಕೊಟ್ಟ ಪೆಟ್ಟು ಸಣ್ಣದಲ್ಲ. ಜುರುವಾಕ್ಕಿಂತ ಅಗಲವಾದ, ಅಷ್ಟಾಗಿ ದಿಕ್ಕು ಬದಲಿಸದ ನದಿಗಳ ವಿಚಾರದಲ್ಲಿ ನದಿ-ಗೋಡೆಯ ವಾದ ಇನ್ನೂ ಸತ್ತಿಲ್ಲ.

ಆಮೇಲೆ ಗಮನ ಇನ್ನೂ ಹಿಂದಿನ ಕಾಲಕ್ಕೆ ಸರಿಯಿತು. ಪೆರುವಿನ ಕೊಂಟಮಾನದಲ್ಲಿ ಸಿಕ್ಕ ದಂಶಕಗಳ ಹಲ್ಲುಗಳು ಸುಮಾರು ನಾಲ್ಕು ಕೋಟಿ ವರ್ಷ ಹಳೆಯವೆಂದು 2012ರಲ್ಲಿ ವರದಿಯಾಯಿತು. ಆ ಕಾಲನಿರ್ಣಯದ ಬಗ್ಗೆ ತಕರಾರೂ ಇದೆ. ಗಿನಿಪಿಗ್, ಕ್ಯಾಪಿಬಾರ, ಮುಳ್ಳಿಲಿಗಳ ಈ ಪೂರ್ವಜರು ಆಫ್ರಿಕದಿಂದ ತೇಲುವ ಗಿಡಗಂಟಿಗಳ ಮೇಲೆ, ಆಗ ಇನ್ನೂ ಕಿರಿದಾಗಿದ್ದ ಅಟ್ಲಾಂಟಿಕ್ ದಾಟಿ ಬಂದವು ಎಂಬುದೇ ಇಂದು ಹೆಚ್ಚು ಮಂದಿ ಒಪ್ಪುವ ವಿವರಣೆ. ಅವು ಬಂದ ಮೇಲೆ ಅವುಗಳ ನೆಲವೂ ಬದಲಾಯಿತು: ಪಶ್ಚಿಮ ಅಮೆಜಾನ್ ಬಹುಕಾಲ ಸರೋವರ, ಜೌಗುಗಳ ಪ್ರದೇಶವಾಗಿತ್ತು. ಆಂಡೀಸ್ ಏರಿದಂತೆ ಆ ನೀರು ಪೂರ್ವಕ್ಕೆ ಹರಿದು ಇಂದಿನ ನದಿ ರೂಪುಗೊಂಡಿತು. 2013ರಲ್ಲಿ ನೇಥನ್ ಅಪ್‌ಹಮ್ ಮತ್ತು ಸಂಗಡಿಗರು ಬಿದಿರಿಲಿಗಳೂ ಸೇರಿದಂತೆ ಮರವಾಸಿ ಇಲಿಗಳ ವಂಶವೃಕ್ಷ ಕಟ್ಟಿ, ಈ ವಂಶಗಳು ಬೆಟ್ಟಕ್ಕೂ ಬಯಲುಕಾಡಿಗೂ ನಡುವೆ ನೆಲೆ ಬದಲಿಸಿದ್ದನ್ನು ತೋರಿಸಿದರು.

ಜುರುವಾದಂತೆ ಎರಡೂ ದಡಗಳನ್ನು ಉದ್ದಕ್ಕೂ ಶೋಧಿಸಿದ ಉಪನದಿಗಳು ಅಮೆಜಾನಿನಲ್ಲಿ ಇಂದಿಗೂ ಕೆಲವೇ. ಸೋಯಾ ಹೊಲ, ದನದ ಹುಲ್ಲುಗಾವಲುಗಳು ಕಾಡನ್ನು ವೇಗವಾಗಿ ನುಂಗುತ್ತಿರುವುದು ದಕ್ಷಿಣದ ಅಂಚಿನಲ್ಲಿ. ಮುಂದಿನ ಬೋನುಗಳು ಮೊದಲು ಹೋಗಬೇಕಾದದ್ದು ಅಲ್ಲಿನ ನದಿಗಳಿಗೆ.